ಮೇಣದ ಎಳೆಯಿಂದ ಕಂಚಿನವರೆಗೆ: ಮೀರಾ ಮುಖರ್ಜಿಯವರ ಶಿಲ್ಪ ಮತ್ತು ಅದರ ಮೂಲಗಳು

ಮೀರಾ ಮುಖರ್ಜಿಯವರ ಕಂಚಿನ ಶಿಲ್ಪದ ಹತ್ತಿರ ಹೋಗಿ ನಿಂತವರಿಗೆ ಆಕೃತಿಗಿಂತ ಹೆಚ್ಚಾಗಿ ಗೆರೆಗಳು ಕಾಣುತ್ತವೆ. ದೂರದಿಂದ ನೋಡಿದಾಗ ಅದು ದೋಣಿ ನಡೆಸುವ ಅಂಬಿಗನೋ, ಮಣ್ಣು ಹೊತ್ತು ಸಾಗುವವರ ಸಾಲೋ ಆಗಿರುತ್ತದೆ. ಒಂದು ಮೊಳದ ಅಂತರಕ್ಕೆ ಬಂದಾಗ ಮೈತುಂಬ ಹರಿದಾಡುವ ಎಳೆಗಳು, ಒಂದರ ಪಕ್ಕ ಒಂದು ಕೂರಿಸಿದ ಪಟ್ಟಿಗಳು, ಬೆರಳೊತ್ತಿದ ಗುಳಿಗಳು, ಪಟ್ಟಿ ಮತ್ತು ಪಟ್ಟಿಯ ನಡುವೆ ಉಳಿದುಹೋದ ಸಣ್ಣ ಸಂದುಗಳು ಎದ್ದು ಬರುತ್ತವೆ. ಅರದಿಂದ ಉಜ್ಜಿ ನುಣುಪು ಮಾಡಿದ ದೇವಾಲಯದ ವಿಗ್ರಹಗಳನ್ನು ನೋಡಿ ರೂಢಿಯಾದ ಕಣ್ಣಿಗೆ ಇದು ಅರ್ಧಕ್ಕೆ ಬಿಟ್ಟ ಕೆಲಸದಂತೆ ತೋರುವುದೂ ಉಂಟು. ಈ ಗಡಸು ಲೋಹ ಒಂದು ಕಾಲಕ್ಕೆ ಮೆತ್ತಗಿತ್ತು, ಯಾರದೋ ಬೆರಳುಗಳ ನಡುವೆ ಹೊಸೆದು ಬಂದಿತ್ತು ಎಂಬ ಭಾವನೆ ನೋಡುವವರಲ್ಲಿ ಮೂಡುತ್ತದೆ. ನಿಜದಲ್ಲಿ ಮೆತ್ತಗಿದ್ದದ್ದು ಕಂಚಲ್ಲ, ಮೇಣ. ಆ ಮೇಣ ಕುಲುಮೆಯಲ್ಲಿ ಕರಗಿ ಹೋಗಿದೆ. ಅದರ ಮೇಲೆ ಬೆರಳು ಮಾಡಿದ ಗುರುತು ಮಾತ್ರ ಲೋಹದಲ್ಲಿ ನಿಂತಿದೆ.

ಆ ಗುರುತನ್ನು ಅಳಿಸದೆ ಉಳಿಸಿಕೊಳ್ಳಬೇಕೆಂದು ಅವರಿಗೆ ಏಕೆ ಅನ್ನಿಸಿತು, ಅದನ್ನು ಅವರು ಯಾರಿಂದ ಕಲಿತರು ಎಂಬುದೇ ಈ ಉಪನ್ಯಾಸದ ವಿಷಯ. ಸಭೆಯಲ್ಲಿ ಚಿತ್ರಗಳನ್ನು ತೋರಿಸುತ್ತ ಹೇಳಿದ ಮಾತುಗಳನ್ನು ಬರಹಕ್ಕೆ ಇಳಿಸುವಾಗ, ಚಿತ್ರವಿಲ್ಲದೆ ಅರ್ಥವಾಗದ ಕಡೆಗಳಲ್ಲಿ ತುಸು ವಿಸ್ತರಿಸಿದ್ದೇನೆ. ಕಲಾವಿದರ ಪ್ರೇರಣೆಯ ಬಗ್ಗೆ ಮಾತನಾಡುವಾಗ ನಾವು ಸಾಮಾನ್ಯವಾಗಿ ಒಂದು ದೃಶ್ಯವನ್ನೋ, ಒಂದು ಕತೆಯನ್ನೋ, ಬಾಲ್ಯದ ಒಂದು ನೆನಪನ್ನೋ ಹುಡುಕುತ್ತೇವೆ. ಅದು ಮೊದಲು ಮನಸ್ಸಿನಲ್ಲಿ ಹುಟ್ಟಿತು, ಆಮೇಲೆ ತಂತ್ರದ ನೆರವಿನಿಂದ ಲೋಹಕ್ಕೆ ಇಳಿಯಿತು ಎಂದುಕೊಳ್ಳುತ್ತೇವೆ. ಮೀರಾ ಅವರ ವಿಷಯದಲ್ಲಿ ಈ ಲೆಕ್ಕ ಕೂಡಿಬರುವುದಿಲ್ಲ. ಅವರಿಗೆ ಪ್ರೇರಣೆಯಾದದ್ದು ಎರಕ ಹೊಯ್ಯುವವರ ಕೆಲಸವೇ. ಆ ಕೆಲಸವನ್ನು ಕಲಿಯುತ್ತಿದ್ದಂತೆ ಏನನ್ನು ಮಾಡಬೇಕೆಂಬುದೂ ಅವರಿಗೆ ಸ್ಪಷ್ಟವಾಗುತ್ತ ಹೋಯಿತು ಎಂದು ನನಗೆ ತೋರುತ್ತದೆ.

ಅವರು ಹುಟ್ಟಿದ್ದು 1923ರಲ್ಲಿ, ಕಲ್ಕತ್ತೆಯಲ್ಲಿ. ಹಬ್ಬದ ದಿನಗಳಲ್ಲಿ ತಾಯಿ ನೆಲದ ಮೇಲೆ ಬಿಡಿಸುತ್ತಿದ್ದ ಅಲ್ಪನಾ, ಅಂದರೆ ಅಕ್ಕಿಹಿಟ್ಟಿನ ರಂಗವಲ್ಲಿ, ಅವರು ಕಂಡ ಮೊದಲ ಕಲೆ. ಹದಿಹರೆಯದಲ್ಲಿಯೇ ಅವನೀಂದ್ರನಾಥ ಠಾಕೂರರ ಬಳಗ ಕಟ್ಟಿದ ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್‌ನ ಶಾಲೆಗೆ ಸೇರಿ ಚಿತ್ರಕಲೆ ಕಲಿತರು. ನಡುವೆ ಮದುವೆಯಾಯಿತು, ಅದು ಉಳಿಯಲಿಲ್ಲ. ಮುಂದೆ ದೆಹಲಿಯ ಪಾಲಿಟೆಕ್ನಿಕ್‌ನಲ್ಲಿ ಓದು ಮುಂದುವರಿಸಿದರು. ಈ ಭಾಗವನ್ನು ಇಷ್ಟಕ್ಕೇ ಬಿಡುತ್ತೇನೆ. ಅಲ್ಪನಾದ ವಿಷಯವನ್ನು ಮಾತ್ರ ನೆನಪಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಅಲ್ಲಿ ಬಣ್ಣ ತುಂಬುವ ಮಾತಿಲ್ಲ. ಬೆರಳ ತುದಿಯಿಂದ ಇಳಿಯುವ ಒಂದೇ ಒಂದು ಗೆರೆ ತಿರುಗುತ್ತ, ಸುತ್ತುತ್ತ ನೆಲವನ್ನು ತುಂಬುತ್ತದೆ.

1953ರಲ್ಲಿ ಅವರು ವಿದ್ಯಾರ್ಥಿವೇತನ ಪಡೆದು ಜರ್ಮನಿಯ ಮ್ಯೂನಿಕ್ ನಗರದ ಲಲಿತಕಲಾ ಅಕಾಡೆಮಿಗೆ ಹೋದರು. ಹೋದದ್ದು ಚಿತ್ರಕಲಾವಿದೆಯಾಗಿ, 1956ರಲ್ಲಿ ಮರಳಿದ್ದು ಶಿಲ್ಪಿಯಾಗಿ. ಅಲ್ಲಿ ಅವರಿಗೆ ದೊರೆತ ಇಬ್ಬರು ಗುರುಗಳು ಟೋನಿ ಸ್ಟಾಡ್ಲರ್ ಮತ್ತು ಹೈನ್ರಿಶ್ ಕಿರ್ಶ್ನರ್. ಅವರ ಕಲಿಸುವಿಕೆಯಲ್ಲಿ ಏನು ವಿಶೇಷವಿತ್ತು ಎಂಬುದನ್ನು ತಿಳಿಯಲು ಯೂರೋಪಿನ ಕಂಚಿನ ಶಿಲ್ಪದ ರೂಢಿಯನ್ನು ಸ್ವಲ್ಪ ಗಮನಿಸಬೇಕು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅಲ್ಲಿ ಶಿಲ್ಪಿಯ ಕೆಲಸ ಜೇಡಿಮಣ್ಣಿನಲ್ಲಿ ಮುಗಿದುಹೋಗುತ್ತಿತ್ತು. ಮಣ್ಣಿನ ರೂಪದಿಂದ ಪ್ಲಾಸ್ಟರಿನ ಅಚ್ಚು ತೆಗೆದು ಎರಕದ ಕಾರ್ಖಾನೆಗೆ ಕಳುಹಿಸಿದರೆ ಅಲ್ಲಿಯ ಕೆಲಸಗಾರರು ಕಂಚು ಹೊಯ್ದು, ಉಜ್ಜಿ, ಬಣ್ಣ ಕಟ್ಟಿ ಮರಳಿಸುತ್ತಿದ್ದರು. ರೋದಾನಂಥ ಮಹಾಶಿಲ್ಪಿಯ ಹೆಸರಿನಲ್ಲಿರುವ ಕಂಚುಗಳನ್ನು ಎರಕ ಹೊಯ್ದ ಕೈಗಳೂ ಬೇರೆಯವರವೇ. ಕಿರ್ಶ್ನರ್ ಈ ರೂಢಿಗೆ ಹೊರತಾಗಿದ್ದರು. ಅವರು ಮ್ಯೂನಿಕ್ ಅಕಾಡೆಮಿಯಲ್ಲಿ ಕಂಚಿನ ಎರಕವನ್ನೇ ಪಾಠವಾಗಿ ಕಲಿಸುತ್ತಿದ್ದವರು. ವಿದ್ಯಾರ್ಥಿಗಳು ಮೇಣದಲ್ಲಿ ರೂಪಿಸಿದ್ದನ್ನು ತಾವೇ ಎರಕ ಹೊಯ್ದುಕೊಳ್ಳಬೇಕಿತ್ತು. ಸ್ಟಾಡ್ಲರ್ ಅವರ ಶಿಲ್ಪಗಳಲ್ಲಿಯೂ ಮೈ ಒರಟಾಗಿಯೇ ಉಳಿಯುತ್ತದೆ, ಹಳೆಯ ಕಾಲದ ಅಗೆತದಲ್ಲಿ ಸಿಕ್ಕ ವಸ್ತುಗಳಂತೆ ಕಾಣುತ್ತದೆ. ನಿನ್ನ ನಾಡಿನ ಪರಂಪರೆಯ ಕಡೆಗೆ ತಿರುಗಿ ನೋಡು ಎಂದು ಮೀರಾ ಅವರಿಗೆ ಹೇಳಿದವರು ಸ್ಟಾಡ್ಲರ್ ಎಂಬ ಮಾತು ಪ್ರಚಲಿತವಾಗಿದೆ. ಅದು ಹೇಗೇ ಇರಲಿ, ಮ್ಯೂನಿಕ್‌ನಿಂದ ಅವರು ತಂದದ್ದು ಒಂದು ಶೈಲಿಯನ್ನಲ್ಲ. ಶಿಲ್ಪಿ ಕುಲುಮೆಯ ಮುಂದೆ ತಾನೇ ನಿಲ್ಲಬೇಕು ಎಂಬ ಹಟವನ್ನು ಅವರು ಅಲ್ಲಿಂದ ತಂದರು.

ಮರಳಿದ ಮೇಲೆ ಆ ಹಟಕ್ಕೆ ಒದಗುವ ಕುಲುಮೆ ಇರಲಿಲ್ಲ. ಕೆಲವು ವರ್ಷ ಶಾಲೆಗಳಲ್ಲಿ ಕಲೆಯ ಪಾಠ ಹೇಳಿದರು. ಆಮೇಲೆ 1960ರ ದಶಕದ ಆರಂಭದಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ಸಂಶೋಧನಾ ವೇತನ ದೊರೆತು, ಲೋಹದ ಕುಶಲಕರ್ಮಿಗಳನ್ನು ಅಧ್ಯಯನ ಮಾಡುವ ಕೆಲಸ ಅವರ ಪಾಲಿಗೆ ಬಂತು. ಆಗ ಮಧ್ಯಪ್ರದೇಶದಲ್ಲಿದ್ದು ಈಗ ಛತ್ತೀಸಗಢಕ್ಕೆ ಸೇರಿರುವ ಬಸ್ತರ್‌ಗೆ ಹೋಗಿ ಅಲ್ಲಿಯ ಘಡವಾ ಸಮುದಾಯದ ಎರಕದವರ ಜೊತೆ ಅವರು ಉಳಿದರು. ಅಧ್ಯಯನಕ್ಕೆ ಹೋದವರು ಸಾಮಾನ್ಯವಾಗಿ ಟಿಪ್ಪಣಿ ಪುಸ್ತಕ ಹಿಡಿದು ಕುರ್ಚಿಯ ಮೇಲೆ ಕೂರುತ್ತಾರೆ. ಇವರು ನೆಲದ ಮೇಲೆ ಕುಳಿತು ಮೇಣ ಹೊಸೆದರು.

ಘಡವಾ ಎರಕದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ತಿಳಿಯದಿದ್ದರೆ ಮೀರಾ ಅವರ ಶಿಲ್ಪದ ಮೈಮೇಲಿನ ಗೆರೆಗಳು ಬರಿಯ ಅಲಂಕಾರವಾಗಿ ಕಾಣುತ್ತವೆ. ಮೊದಲು ಜೇಡಿಮಣ್ಣಿಗೆ ಭತ್ತದ ಹೊಟ್ಟು ಕಲಸಿ ಬೇಕಾದ ಆಕೃತಿಯ ಸ್ಥೂಲ ರೂಪವನ್ನು ಮಾಡಿ ಒಣಗಿಸುತ್ತಾರೆ. ಇದು ಒಳಗಿನ ಗಟ್ಟಿ. ಅದರ ಮೇಲೆ ನಯವಾದ ಮಣ್ಣಿನ ಲೇಪ ಬರುತ್ತದೆ. ಇನ್ನೊಂದು ಕಡೆ ಜೇನುಮೇಣವನ್ನು ಕಾಯಿಸಿ ಹದಮಾಡಿ, ನಮ್ಮ ಚಕ್ಕುಲಿ ಒರಳನ್ನು ನೆನಪಿಸುವ ಮರದ ಒತ್ತುಗೊಳವೆಯಲ್ಲಿ ಹಾಕಿ, ಸಣ್ಣ ತೂತುಗಳ ಬಿಲ್ಲೆಯ ಮೂಲಕ ಒತ್ತಿ ದಾರದಂಥ ಎಳೆಗಳನ್ನು ತೆಗೆಯುತ್ತಾರೆ. ಬಂಗಾಳದ ಕಡೆಯ ಎರಕದವರು ಮೇಣದ ಬದಲು, ಅಥವಾ ಮೇಣದ ಜೊತೆ, ಸಾಸಿವೆ ಎಣ್ಣೆಯಲ್ಲಿ ಕುದಿಸಿದ ರಾಳವನ್ನು ಬಳಸುತ್ತಾರೆ. ಈ ಎಳೆಗಳನ್ನು ಒಳಗಟ್ಟಿಯ ಸುತ್ತ ಒಂದರ ಪಕ್ಕ ಒಂದರಂತೆ, ಸಂದು ಬಿಡದೆ ಸುತ್ತುತ್ತ ಹೋಗುತ್ತಾರೆ. ಕಣ್ಣು, ಮೂಗು, ಸರ, ಬಳೆ ಎಲ್ಲವೂ ಮೇಣದ ಎಳೆ ಮತ್ತು ಗುಂಡುಗಳೇ. ಆಮೇಲೆ ಇದರ ಮೇಲೆ ಮತ್ತೆ ಮಣ್ಣು: ಮೊದಲ ಪದರ ಅತಿ ನುಣ್ಣನೆಯದು, ಏಕೆಂದರೆ ಮೇಣದ ಪ್ರತಿಯೊಂದು ಗೆರೆಯನ್ನೂ ಗ್ರಹಿಸಬೇಕಾದದ್ದು ಅದೇ, ಮುಂದಿನ ಪದರಗಳು ಹೊಟ್ಟು ಬೆರೆತ ಒರಟು ಮಣ್ಣಿನವು. ಹೊಟ್ಟು ಸುಟ್ಟು ಬೂದಿಯಾದಾಗ ಉಳಿಯುವ ಸೂಕ್ಷ್ಮ ರಂಧ್ರಗಳಿಂದ ಒಳಗಿನ ಆವಿ ಹೊರಬರುತ್ತದೆ. ಅದಕ್ಕೆ ದಾರಿ ಇಲ್ಲದಿದ್ದರೆ ಅಚ್ಚು ಸಿಡಿಯುತ್ತದೆ.

ಅಚ್ಚಿನ ಬಾಯಿಗೆ ಮಣ್ಣಿನದೇ ಒಂದು ಬಟ್ಟಲನ್ನು ಕೂಡಿಸಿ, ಅದರಲ್ಲಿ ಹಿತ್ತಾಳೆಯ ಚೂರುಗಳನ್ನು ತುಂಬಿ, ಎರಡನ್ನೂ ಸೇರಿಸಿ ಮಣ್ಣಿನಿಂದ ಮುಚ್ಚಿಬಿಡುವ ರೂಢಿಯೊಂದು ಈ ಎರಕದವರಲ್ಲಿದೆ. ಮೂಸೆಯೂ ಅಚ್ಚೂ ಒಂದೇ ಉಂಡೆ. ಬಟ್ಟಲಿನ ಭಾಗ ಕೆಳಗೆ ಬರುವಂತೆ ಅದನ್ನು ಕುಲುಮೆಯಲ್ಲಿಟ್ಟು ತಿದಿ ಒತ್ತುತ್ತಾರೆ. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಹಿತ್ತಾಳೆ ಕರಗಲು 900 ಡಿಗ್ರಿಯ ಮೇಲೆ ಬೇಕು. ಆದ್ದರಿಂದ ಲೋಹ ನೀರಾಗುವ ಎಷ್ಟೋ ಹೊತ್ತಿನ ಮೊದಲೇ ಮೇಣ ಕರಗಿ, ಮಣ್ಣಿಗೆ ಇಂಗಿ, ಉರಿದು ಹೋಗಿರುತ್ತದೆ. ಒಳಗೆ ಮೇಣ ಇದ್ದ ಜಾಗದಲ್ಲಿ ಒಂದು ಎಳೆಯಷ್ಟು ದಪ್ಪದ ಪೊಳ್ಳು ಉಳಿದಿರುತ್ತದೆ. ಲೋಹ ಕರಗಿತೆಂದು ತಿಳಿಯುವುದು ಜ್ವಾಲೆಯ ಬಣ್ಣದಿಂದ. ಹಿತ್ತಾಳೆಯಲ್ಲಿರುವ ಸತುವು ಆವಿಯಾಗಿ ಉರಿಯುವಾಗ ಬೆಂಕಿಗೆ ಹಸುರು ಬೆರೆತ ಬಿಳುಪು ಬರುತ್ತದೆ. ಆ ಗಳಿಗೆಯಲ್ಲಿ ಉಂಡೆಯನ್ನು ಇಕ್ಕುಳದಿಂದ ಎತ್ತಿ ತಲೆಕೆಳಗು ಮಾಡುತ್ತಾರೆ. ಬಟ್ಟಲಿನ ಲೋಹ ಇಳಿದು ಪೊಳ್ಳನ್ನು ತುಂಬುತ್ತದೆ. ಇಳಿದದ್ದು ಸರಿಯಾಗಿ ಇಳಿಯಿತೇ ಇಲ್ಲವೇ ಎಂಬುದು ತಣ್ಣಗಾದ ಮೇಲೆ ಅಚ್ಚನ್ನು ಒಡೆದಾಗಲೇ ಗೊತ್ತಾಗುವುದು. ಅಚ್ಚು ಒಡೆದುಹೋದದ್ದರಿಂದ ಅದೇ ಆಕೃತಿ ಇನ್ನೊಮ್ಮೆ ಬರುವಂತಿಲ್ಲ.

ಈ ವಿದ್ಯೆ ಎಷ್ಟು ಹಳೆಯದು ಎಂದು ಹೇಳಲು ಎಲ್ಲರೂ ಮೊಹೆಂಜೊದಾರೊದ ನರ್ತಕಿಯನ್ನು ನೆನೆಯುತ್ತಾರೆ. 1926ರಲ್ಲಿ ಸಿಕ್ಕ, ಹತ್ತೂವರೆ ಸೆಂಟಿಮೀಟರ್ ಎತ್ತರದ, ನಾಲ್ಕು ಸಾವಿರ ವರ್ಷಕ್ಕೂ ಹಳೆಯದಾದ ಆ ಪುಟ್ಟ ಪ್ರತಿಮೆಯೂ ಮೇಣ ಕರಗಿಸಿ ಹೊಯ್ದ ಎರಕವೇ. ಕನ್ನಡ ನಾಡಿನ ಓದುಗರು ನೆನೆಯಬೇಕಾದ ಇನ್ನೊಂದು ಆಧಾರ ಹತ್ತಿರದಲ್ಲೇ ಇದೆ. ಕಲ್ಯಾಣದಿಂದ ಆಳಿದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಈ ಕ್ರಮವನ್ನು ವಿವರಿಸಿದ್ದಾನೆ. ಅದರಲ್ಲಿ ನನಗೆ ಬಹಳ ಹಿಡಿಸಿದ ಮಾತು ತೂಕದ್ದು. ಮೇಣದ ರೂಪವನ್ನು ಮಣ್ಣಿನಿಂದ ಮುಚ್ಚುವ ಮೊದಲೇ ತೂಗಿಡಬೇಕು. ಹಿತ್ತಾಳೆ ಅಥವಾ ತಾಮ್ರವಾದರೆ ಮೇಣದ ಹತ್ತು ಪಟ್ಟು, ಬೆಳ್ಳಿಯಾದರೆ ಹನ್ನೆರಡು ಪಟ್ಟು, ಚಿನ್ನವಾದರೆ ಹದಿನಾರು ಪಟ್ಟು ಲೋಹ ಬೇಕು. ಅರಸನ ಗ್ರಂಥವಾದರೂ ಆ ಲೆಕ್ಕ ಅರಮನೆಯಲ್ಲಿ ಹುಟ್ಟಿದ್ದಲ್ಲ. ಮೇಣಕ್ಕಿಂತ ತಾಮ್ರ ಸುಮಾರು ಒಂಬತ್ತು ಪಟ್ಟು ಭಾರ, ಅಚ್ಚಿನೊಳಕ್ಕೆ ಲೋಹ ಇಳಿಯುವ ಕಾಲುವೆಯಲ್ಲಿ ಉಳಿದುಬಿಡುವ ಲೋಹಕ್ಕೆಂದು ಇನ್ನಷ್ಟು ಸೇರಿಸಿದರೆ ಹತ್ತಾಗುತ್ತದೆ ಎಂಬುದು ಲೋಹ ಸಾಲದೆ ಬಂದು ಎರಕ ಕೆಟ್ಟು ಪಾಠ ಕಲಿತವರಿಗೆ ಮಾತ್ರ ಹೊಳೆಯುವ ಮಾತು. ಎರಕದವರ ಹೆಸರು ಆ ಗ್ರಂಥದಲ್ಲಿಲ್ಲ.

ಘಡವಾ ಎರಕದವರಿಂದ ಮೀರಾ ಅವರು ಏನನ್ನು ತೆಗೆದುಕೊಂಡರು? ಆನೆ, ಕುದುರೆ ಸವಾರ, ದೇವಿಯ ಮೂರ್ತಿ, ನವಿಲು ಕೂತ ದೀಪ ಮುಂತಾದ ಅವರ ರೂಢಿಯ ಆಕೃತಿಗಳನ್ನು ತೆಗೆದುಕೊಳ್ಳುವುದು ತೀರ ಸುಲಭವಿತ್ತು. ನಗರದ ಅಂಗಡಿಗಳಲ್ಲಿ ಅವುಗಳಿಗೆ ಬೇಡಿಕೆಯೂ ಇದೆ. ಅವರು ಅವನ್ನು ಮುಟ್ಟಲಿಲ್ಲ. ತೆಗೆದುಕೊಂಡದ್ದು ಕಟ್ಟುವ ಬಗೆಯನ್ನು. ಮಣ್ಣಿನಲ್ಲಿ ರೂಪ ಮಾಡಿ ಅದನ್ನು ಕಂಚಿಗೆ ವರ್ಗಾಯಿಸುವುದರ ಬದಲು ಮೇಣದ ಪಟ್ಟಿ ಮತ್ತು ಎಳೆಗಳಿಂದಲೇ ನೇರವಾಗಿ ಶಿಲ್ಪವನ್ನು ಕಟ್ಟುವ ಕ್ರಮ ಅದು. ಮಣ್ಣಿನ ಶಿಲ್ಪಿ ಗುಡ್ಡೆಯಿಂದ ಆರಂಭಿಸಿ ಆಕೃತಿಯನ್ನು ಹೊರತೆಗೆಯುತ್ತಾನೆ. ಮೇಣದ ಎಳೆಯಿಂದ ಕಟ್ಟುವವರಿಗೆ ಗುಡ್ಡೆ ಎಂಬುದೇ ಇಲ್ಲ, ಇರುವುದು ಬರಿಯ ಹೊರಮೈ. ಬಿದಿರು ಸೀಳಿನಿಂದ ಬುಟ್ಟಿ ಹೆಣೆಯುವವರ ಕೆಲಸಕ್ಕೆ ಇದು ಹೆಚ್ಚು ಹತ್ತಿರ. ಆದ್ದರಿಂದಲೇ ಅವರ ಆಕೃತಿಗಳು ದೊಡ್ಡವಾದಾಗಲೂ ಗುಂಡುಕಲ್ಲಿನಂತೆ ನೆಲಕ್ಕೆ ಒತ್ತಿ ಕೂರುವುದಿಲ್ಲ. ಒಳಗೆ ಗಾಳಿ ಇದೆ ಎಂಬ ಅನುಭವ ಕೊಡುತ್ತವೆ.

ದೊಡ್ಡದು ಎಂದೆ. ಇಲ್ಲಿಯೇ ಅವರ ಸ್ವಂತದ ಸಾಹಸ ಇರುವುದು. ಘಡವಾ ಎರಕದ ವಸ್ತುಗಳು ಹೆಚ್ಚಾಗಿ ಕೈಯಲ್ಲಿ ಹಿಡಿಯುವಷ್ಟು ಗಾತ್ರದವು. ಒಬ್ಬ ಮನುಷ್ಯ ಇಕ್ಕುಳದಿಂದ ಎತ್ತಿ ತಿರುಗಿಸಬಲ್ಲಷ್ಟೇ ಭಾರ ಆ ಉಂಡೆಗೆ ಇರಬೇಕಾದದ್ದರಿಂದ ವಿಧಾನವೇ ಅದಕ್ಕೊಂದು ಮಿತಿ ಹಾಕಿದೆ. ಮೀರಾ ಅವರು ಆ ವಿಧಾನವನ್ನು ಆಳೆತ್ತರಕ್ಕೂ ಮೀರಿ ಒಯ್ದರು. ಅದಕ್ಕಾಗಿ ಶಿಲ್ಪವನ್ನು ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದನ್ನೂ ಬೇರೆಬೇರೆಯಾಗಿ ಎರಕ ಹೊಯ್ದು ಕೂಡಿಸಬೇಕಿತ್ತು. ಕೂಡಿಸಿದ ಜಾಗಗಳನ್ನು ಮರೆಸುವ ಆತುರವೂ ಅವರಿಗಿರಲಿಲ್ಲ. ನಮ್ಮ ನಾಗಮಂಗಲದ ಎರಕದವರಾಗಲಿ, ಕಾವೇರಿಯ ಮೆಕ್ಕಲು ಮಣ್ಣಿನಲ್ಲಿ ಅಚ್ಚು ಮಾಡುವ ಸ್ವಾಮಿಮಲೈಯ ಸ್ಥಪತಿಗಳಾಗಲಿ ಎರಕ ಹೊರಬಂದ ಮೇಲೆ ಉಳಿ ಮತ್ತು ಅರ ಹಿಡಿದು ಅದನ್ನು ದಿನಗಟ್ಟಲೆ ತಿದ್ದುತ್ತಾರೆ. ಪೂಜೆಗೆ ಕೂರುವ ಮೂರ್ತಿಯ ಮೈಯಲ್ಲಿ ಮನುಷ್ಯನ ಬೆರಳಿನ ಗುರುತು ಉಳಿಯಬಾರದು ಎಂಬ ಭಾವನೆ ಅದರ ಹಿಂದೆ ಇರಬಹುದು. ಮೀರಾ ಅವರ ಶಿಲ್ಪದಲ್ಲಿ ಆ ಗುರುತೇ ವಿಷಯ.

ಈ ಮಾತನ್ನು ಒಪ್ಪಿದರೆ ಅವರು ಆರಿಸಿಕೊಂಡ ವಸ್ತುಗಳು ತಾವಾಗಿಯೇ ಅರ್ಥವಾಗುತ್ತವೆ. ಅಂಬಿಗರು, ಮಣ್ಣು ಹೊರುವವರು, ಮರದಡಿಯಲ್ಲಿ ಕೆಲಸಕ್ಕೆ ಕುಳಿತ ಕಮ್ಮಾರರು, ಹಾಡುತ್ತ ಸಾಗುವ ಬಾವುಲರು, ಬಸ್ಸಿನಲ್ಲಿ ಒತ್ತಿಕೊಂಡು ಕುಳಿತ ಜನ. ಅವರೆಲ್ಲ ಏನನ್ನಾದರೂ ಮಾಡುತ್ತಿರುವವರು. ದುಡಿಯುವವರನ್ನು ಕಂಚಿನಲ್ಲಿ ನಿಲ್ಲಿಸಿದ ಶಿಲ್ಪಗಳಿಗೆ ಲೋಕದಲ್ಲಿ ಕೊರತೆಯಿಲ್ಲ. ಎದೆ ಉಬ್ಬಿಸಿ, ಸುತ್ತಿಗೆ ಎತ್ತಿ, ದಿಗಂತದ ಕಡೆ ನೋಡುವ ಕಾರ್ಮಿಕರ ಸ್ಮಾರಕಗಳು ಒಂದು ಕಾಲಕ್ಕೆ ಹಲವು ದೇಶಗಳಲ್ಲಿ ಸಾಲುಗಟ್ಟಿ ಎದ್ದವು. ಆ ಕಾರ್ಮಿಕರು ಕೆಲಸ ಮಾಡುವುದಿಲ್ಲ, ಕೆಲಸದ ಘೋಷಣೆ ಮಾಡುತ್ತಾರೆ. ಮೀರಾ ಅವರ ಕಮ್ಮಾರರು ಕೆಲಸದಲ್ಲೇ ಮುಳುಗಿದವರು; ನಾವು ನೋಡುತ್ತಿದ್ದೇವೆ ಎಂಬ ಪರಿವೆ ಅವರಿಗಿಲ್ಲ. ಇಂಥ ಕಡೆ ನಮ್ಮವರು ‘ಕಾಯಕವೇ ಕೈಲಾಸ’ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವುದುಂಟು, ಅಂದಿನ ಸಭೆಯಲ್ಲಿಯೂ ಒಬ್ಬರು ಹಿರಿಯರು ಅದನ್ನು ಸೂಚಿಸಿದರು. ನನಗೆ ಅದನ್ನು ಇಲ್ಲಿ ತರಲು ಹಿಂಜರಿಕೆ ಇದೆ. ದುಡಿಮೆಯನ್ನು ಕೈಲಾಸಕ್ಕೆ ಏರಿಸುವುದು ಈ ಶಿಲ್ಪಗಳ ಉದ್ದೇಶವೆಂದು ಅನ್ನಿಸುವುದಿಲ್ಲ. ಅವು ದುಡಿಮೆಯ ಲಯವನ್ನು ಗಮನಿಸುತ್ತವೆ, ಬೆನ್ನು ಎಷ್ಟು ಬಾಗುತ್ತದೆ, ಹೊರೆ ಯಾವ ಕಡೆ ಎಳೆಯುತ್ತದೆ, ಹುಟ್ಟು ಹಾಕುವಾಗ ಮೈಯ ಭಾರ ಯಾವ ಕಾಲಿಗೆ ಹೋಗುತ್ತದೆ ಎಂಬುದನ್ನು.

ಲಯ ಎಂಬ ಮಾತನ್ನು ಸುಮ್ಮನೆ ಬಳಸಿಲ್ಲ. ಅವರಿಗೆ ಶಾಸ್ತ್ರೀಯ ಸಂಗೀತದಲ್ಲಿ ಆಳವಾದ ಆಸಕ್ತಿ ಇತ್ತು. ಆಲಾಪದಲ್ಲಿ ಸ್ವರವೊಂದು ಮತ್ತೊಂದಕ್ಕೆ ಜಾರುವಾಗ ನಡುವೆ ಕಡಿತ ಬೀಳದಂತೆ, ಅವರ ಆಕೃತಿಗಳಲ್ಲಿ ತೋಳು ಎಲ್ಲಿ ಮುಗಿದು ಹುಟ್ಟು ಎಲ್ಲಿ ಶುರುವಾಯಿತು, ಸೆರಗು ಎಲ್ಲಿ ಮುಗಿದು ಬೆನ್ನು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸುವುದು ಕಷ್ಟ. ಇನ್ನೊಂದು ಮೂಲ ಕಾಂಥಾ, ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಸಣ್ಣ ಹೊಲಿಗೆಯಿಂದ ಕೂಡಿಸುವ ಬಂಗಾಳದ ಕೌದಿ. ಕಲ್ಕತ್ತೆಯ ಹೊರವಲಯದ ಹಳ್ಳಿಯ ಮಕ್ಕಳ ಕೈಯಲ್ಲಿ ಅವರು ಕಾಂಥಾ ಹೊಲಿಸಿದರು, ಆ ಮಕ್ಕಳು ಕಂಡದ್ದೇ ಬಟ್ಟೆಯ ಮೇಲೆ ಚಿತ್ರವಾಯಿತು. ಮಕ್ಕಳಿಗಾಗಿ ಕತೆಗಳನ್ನೂ ಬರೆದರು. ಕೌದಿಯ ಹೊಲಿಗೆಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅಲ್ಲಿ ಚಿತ್ರ ಮೂಡಿಸುವ ಹೊಲಿಗೆಯೂ ಪದರಗಳನ್ನು ಬಿಗಿದಿಡುವ ಹೊಲಿಗೆಯೂ ಒಂದೇ. ಬಸ್ತರ್‌ನ ಮೇಣದ ಎಳೆಯೂ ಹಾಗೆಯೇ ಆಕೃತಿಯ ಗೋಡೆಯೂ ಹೌದು, ಅದರ ಅಲಂಕಾರವೂ ಹೌದು. ತಾಯಿಯ ಅಲ್ಪನಾ, ಮಕ್ಕಳ ಕಾಂಥಾ, ಘಡವಾಗಳ ಮೇಣ ಇವು ಮೂರೂ ಅವರಿಗೆ ಒಂದೇ ಪಾಠವನ್ನು ಮೂರು ಸಲ ಹೇಳಿದಂತಿವೆ.

ಅವರ ಶಿಲ್ಪಗಳಲ್ಲಿ ಅತಿ ಪ್ರಸಿದ್ಧವಾದದ್ದು ದೆಹಲಿಯ ಹೋಟೆಲೊಂದರ ಆವರಣದಲ್ಲಿರುವ, 1972ರ ಸುಮಾರಿಗೆ ಪೂರ್ಣಗೊಂಡ ‘ಕಳಿಂಗದಲ್ಲಿ ಅಶೋಕ’. ಇಲ್ಲಿ ಅಂಬಿಗರಿಲ್ಲ, ಕಮ್ಮಾರರಿಲ್ಲ, ಚಕ್ರವರ್ತಿ ಇದ್ದಾನೆ. ಹಾಗಾದರೆ ನಾನು ಇಷ್ಟು ಹೊತ್ತು ಹೇಳಿದ ಮಾತು ಇಲ್ಲಿ ನಿಲ್ಲುತ್ತದೆಯೇ ಎಂದು ಕೇಳಬಹುದು. ಅಶೋಕನ ಹದಿಮೂರನೆಯ ಶಿಲಾಶಾಸನದಲ್ಲಿ ಕಳಿಂಗದಿಂದ ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದದ್ದು, ಒಂದು ಲಕ್ಷ ಜನ ಹತರಾದದ್ದು, ಅದಕ್ಕಿಂತ ಎಷ್ಟೋ ಪಾಲು ಜನ ಸತ್ತದ್ದು ದಾಖಲಾಗಿದೆ. ಅದಕ್ಕಾಗಿ ಅರಸನಿಗೆ ಆದ ಸಂತಾಪವೂ ಅಲ್ಲೇ ಇದೆ. ವಿಚಿತ್ರವೆಂದರೆ ಸ್ವತಃ ಕಳಿಂಗದಲ್ಲಿ, ಅಂದರೆ ಧೌಲಿ ಮತ್ತು ಜೌಗಡಗಳಲ್ಲಿ, ಆ ಶಾಸನವನ್ನು ಕೆತ್ತಿಸಿಲ್ಲ. ಅದರ ಬದಲು ಅಧಿಕಾರಿಗಳಿಗೆ ಜನರನ್ನು ಮಕ್ಕಳಂತೆ ನೋಡಿಕೊಳ್ಳಿ ಎನ್ನುವ ಪ್ರತ್ಯೇಕ ಶಾಸನಗಳಿವೆ. ಆ ಪ್ರತ್ಯೇಕ ಶಾಸನಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ಸಿಕ್ಕಿವೆ. ಗಾಯಗೊಂಡ ನಾಡಿನ ಎದುರು ಅರಸ ತನ್ನ ಪಶ್ಚಾತ್ತಾಪವನ್ನು ಬಾಯಿಬಿಟ್ಟು ಹೇಳಲಿಲ್ಲ. ಮೀರಾ ಅವರು ಅವನನ್ನು ನಿಲ್ಲಿಸಿದ್ದು ಅದೇ ನೆಲದಲ್ಲಿ. ಸಿಂಹಸ್ತಂಭದ ಅಶೋಕನಲ್ಲ, ಧರ್ಮಚಕ್ರದ ಅಶೋಕನೂ ಅಲ್ಲ, ಯುದ್ಧ ಮುಗಿದ ಮೇಲೆ ತಾನು ಮಾಡಿದ್ದನ್ನು ನೋಡುವ ಅಶೋಕ. ಆ ವರ್ಷಗಳ ಬಂಗಾಳವನ್ನೂ ಇಲ್ಲಿ ನೆನೆಯಬೇಕಾಗುತ್ತದೆ. ಕಲ್ಕತ್ತೆಯ ಬೀದಿಗಳಲ್ಲಿ ನಕ್ಸಲ್ ಹಿಂಸೆ ಮತ್ತು ಅದರ ದಮನ ನಡೆದಿತ್ತು; 1971ರಲ್ಲಿ ಗಡಿಯಾಚೆಯ ಯುದ್ಧದಿಂದ ಲಕ್ಷಾಂತರ ನಿರಾಶ್ರಿತರು ಒಳಬಂದಿದ್ದರು. ಆ ಕಾಲದಲ್ಲಿ ಕುಳಿತು ಕಳಿಂಗವನ್ನು ಆರಿಸಿಕೊಂಡದ್ದು ಆಕಸ್ಮಿಕವೆಂದು ನಾನು ನಂಬಲಾರೆ.

ಕೈಯ ಗುರುತಿನ ಮಾತು ಇಲ್ಲಿ ಮತ್ತೂ ತೀವ್ರವಾಗುತ್ತದೆ. ಈ ಅರಸನ ಮೈಯೂ ಅಂಬಿಗನ ಮೈಯಂತೆಯೇ ಪಟ್ಟಿ ಪಟ್ಟಿಯಾಗಿ, ಭಾಗ ಭಾಗವಾಗಿ ಕೂಡಿಸಿದ್ದು. ಅವನಿಗೆಂದು ಬೇರೆ ನುಣುಪು, ಬೇರೆ ಹೊಳಪು ಇಲ್ಲ. ಅವನೂ ಮಾಡಿದವನೇ, ಮಾಡಬಾರದ್ದನ್ನು ಮಾಡಿದವನು.

ಲೋಹಶಿಲ್ಪಿಗೆ ಕೆಲಸಗಾರರ ಕೈಯೇ ಗುರುವಾಗುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಬಾರ್ಸಿಲೋನಾದ ಲೋಹಗಾರರ ಮನೆತನದಲ್ಲಿ ಹುಟ್ಟಿದ ಹೂಲಿಯೊ ಗೊನ್ಸಾಲೆಸ್ 1918ರಲ್ಲಿ ಪ್ಯಾರಿಸಿನ ಬಳಿಯ ರೆನೋ ಕಾರ್ಖಾನೆಯಲ್ಲಿ ಅನಿಲದ ಬೆಸುಗೆ ಕಲಿತರು. ಹತ್ತು ವರ್ಷದ ಮೇಲೆ ಅದೇ ಬೆಸುಗೆ ಪಿಕಾಸೊ ಜೊತೆಗೂಡಿ ಕಬ್ಬಿಣದ ಶಿಲ್ಪಕ್ಕೆ ಹೊಸ ದಾರಿ ತೆರೆಯಿತು. ಅಮೆರಿಕದ ಡೇವಿಡ್ ಸ್ಮಿತ್ 1925ರಲ್ಲಿ ಸ್ಟುಡಿಬೇಕರ್ ಮೋಟಾರು ಕಾರ್ಖಾನೆಯಲ್ಲಿ ದುಡಿದವರು. ಆಮೇಲೆ ಬ್ರೂಕ್ಲಿನ್ ಹಡಗುಕಟ್ಟೆಯ ಟರ್ಮಿನಲ್ ಐರನ್ ವರ್ಕ್ಸ್ ಎಂಬ ಕಬ್ಬಿಣದ ಕೆಲಸದ ಮನೆಯ ಮೂಲೆಯೊಂದರಲ್ಲಿ ಶಿಲ್ಪ ಮಾಡಿದರು, ಎರಡನೆಯ ಮಹಾಯುದ್ಧದಲ್ಲಿ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ಬೆಸುಗೆಯ ಕೂಲಿ ಮಾಡಿದರು. 1962ರಲ್ಲಿ ಇಟಲಿಯ ವೋಲ್ತ್ರಿಯಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಗಳನ್ನು ಅವರಿಗೆ ಒಪ್ಪಿಸಿದಾಗ, ಅಲ್ಲಿ ಬಿಟ್ಟುಹೋದ ಇಕ್ಕುಳ, ಚಕ್ರ, ತಗಡುಗಳಿಂದ 30 ದಿನಗಳಲ್ಲಿ 27 ಶಿಲ್ಪಗಳನ್ನು ಮಾಡಿದರು. ಆದರೆ ಒಂದು ವ್ಯತ್ಯಾಸ ಗಮನಾರ್ಹ. ಸ್ಮಿತ್‌ಗೆ ವೋಲ್ತ್ರಿಯಲ್ಲಿ ಎದುರಾದದ್ದು ಹೆಚ್ಚಾಗಿ ಕೆಲಸಗಾರರು ಬಿಟ್ಟುಹೋದ ಸಲಕರಣೆ. ಮೀರಾ ಅವರಿಗೆ ಎದುರಾದದ್ದು ಕೆಲಸಗಾರರೇ, ತಮ್ಮ ವಿದ್ಯೆಯನ್ನು ಇನ್ನೂ ಕೈಬಿಡದವರು.

ಇದರಿಂದ ಹುಟ್ಟುವ ಅಹಿತಕರ ಪ್ರಶ್ನೆಯೊಂದಿದೆ, ಅದನ್ನು ಬದಿಗೆ ಸರಿಸುವುದು ನ್ಯಾಯವಲ್ಲ. ಒಂದೇ ವಿಧಾನದಿಂದ ಹೊಯ್ದ ಎರಡು ಎರಕಗಳಲ್ಲಿ ಒಂದಕ್ಕೆ ಶಿಲ್ಪವೆಂದು ಗ್ಯಾಲರಿಯಲ್ಲಿ ಹೆಸರಿನ ಪಟ್ಟಿ ಸಿಗುತ್ತದೆ, ಇನ್ನೊಂದು ಕರಕುಶಲ ವಸ್ತುವೆಂದು ತೂಕದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಮೀರಾ ಅವರಿಗೆ 1992ರಲ್ಲಿ ಪದ್ಮಶ್ರೀ ಬಂತು. ಅವರಿಗೆ ಮೇಣ ಹೊಸೆಯಲು ಕಲಿಸಿದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರು ಈ ಅಂತರವನ್ನು ಕಂಡಿದ್ದರು ಎಂಬುದಕ್ಕೆ ಅವರ ಬರಹಗಳೇ ಸಾಕ್ಷಿ. ಬಸ್ತರ್ ಮಾತ್ರವಲ್ಲ, ದೇಶದ ಬೇರೆ ಬೇರೆ ಕಡೆಯ ಎರಕದವರ ನಡುವೆ ಓಡಾಡಿ, ಅವರ ಕುಲುಮೆ, ಅಚ್ಚು, ಮಿಶ್ರಲೋಹ, ಸಂಪಾದನೆ, ನಂಬಿಕೆಗಳನ್ನು ದಾಖಲಿಸಿದ ಅವರ ಗ್ರಂಥವನ್ನು ಮಾನವಶಾಸ್ತ್ರ ಸರ್ವೇಕ್ಷಣೆ 1978ರಲ್ಲಿ ಪ್ರಕಟಿಸಿತು. ತಮ್ಮ ಶಿಲ್ಪದ ಹಿಂದಿನ ಗುರುಗಳನ್ನು ಇಷ್ಟು ಶ್ರದ್ಧೆಯಿಂದ ಬರೆದಿಟ್ಟ ಆಧುನಿಕ ಶಿಲ್ಪಿಗಳು ವಿರಳ. ಅಷ್ಟರಿಂದ ಋಣ ತೀರಿತೇ ಎಂದರೆ, ತೀರಲಿಲ್ಲ ಎಂದೇ ನನ್ನ ಉತ್ತರ. ಆದರೆ ಆ ಋಣವನ್ನು ಶಿಲ್ಪದ ಮೈಮೇಲೆಯೇ, ಉಜ್ಜಿ ಅಳಿಸದೆ, ಎಲ್ಲರಿಗೂ ಕಾಣುವಂತೆ ಉಳಿಸಿಕೊಂಡರು ಎಂಬುದನ್ನೂ ಅದರ ಜೊತೆಗೆ ಹೇಳಬೇಕು.

1998ರಲ್ಲಿ ತೀರಿಕೊಳ್ಳುವವರೆಗೂ ಅವರು ಎರಕದ ಕೆಲಸ ಬಿಡಲಿಲ್ಲ. ಕಲ್ಕತ್ತೆಯ ಹೊರಗಿನ ಹಳ್ಳಿಯಲ್ಲಿ ಬಯಲಿನಲ್ಲೇ ಕುಲುಮೆ ಹೂಡಿ, ಅಲ್ಲಿಯ ಜನರನ್ನು ಸಹಾಯಕರನ್ನಾಗಿ ಮಾಡಿಕೊಂಡು ದೊಡ್ಡ ಎರಕಗಳನ್ನು ಹೊಯ್ದರು. ಎರಕ ಒಬ್ಬರಿಂದ ಆಗುವ ಕೆಲಸವಲ್ಲ. ತಿದಿಗೆ ಒಬ್ಬರು, ಮೂಸೆಗೆ ಇಬ್ಬರು, ಮಣ್ಣು ಕಲಸಲು ಇನ್ನಷ್ಟು ಜನ ಬೇಕು, ಲೋಹ ಇಳಿಯುವ ಆ ಕೆಲವು ಗಳಿಗೆಗಳಲ್ಲಿ ಎಲ್ಲರೂ ಒಟ್ಟಿಗೆ ಎಚ್ಚರವಾಗಿರಬೇಕು. ಅವರ ಮಣ್ಣು ಹೊರುವವರ ಸಾಲನ್ನು ನೋಡುವಾಗಲೆಲ್ಲ ನನಗೆ ಆ ಬಯಲಿನ ಕುಲುಮೆಯ ಸುತ್ತಲಿನ ಜನರೇ ನೆನಪಾಗುತ್ತಾರೆ.

ಮಾತು ಮುಗಿದ ಮೇಲೆ ಶಿಲ್ಪಕಲೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: ‘ಸರ್, ಒಳಗಿನ ಮಣ್ಣು ಏನಾಗುತ್ತದೆ?’ ಸರಿಯಾದ ಪ್ರಶ್ನೆ, ನಾನೇ ಹೇಳಬೇಕಿತ್ತು. ಭಾಗಗಳಾಗಿ ಹೊಯ್ದು ಕೂಡಿಸುವ ದೊಡ್ಡ ಶಿಲ್ಪಗಳಲ್ಲಿ ಕೂಡಿಸುವ ಮೊದಲೇ ಆ ಮಣ್ಣನ್ನು ಕೆರೆದು ತೆಗೆಯಬಹುದು. ಬಸ್ತರ್‌ನ ಸಣ್ಣ ಆಕೃತಿಗಳಲ್ಲಿ, ಎಲ್ಲ ಕಡೆಯೂ ಮುಚ್ಚಿದ್ದರೆ, ಅದನ್ನು ತೆಗೆಯಲು ದಾರಿಯೇ ಇರುವುದಿಲ್ಲ. ಸುಟ್ಟು ಕಪ್ಪಾದ ಆ ಮಣ್ಣು ಹಿತ್ತಾಳೆಯ ಒಳಗೇ ಉಳಿದುಬಿಡುತ್ತದೆ. ಆನೆಯನ್ನೋ ಕುದುರೆಯನ್ನೋ ಕೈಗೆತ್ತಿಕೊಂಡಾಗ, ಪೊಳ್ಳೆಂದು ತಿಳಿದವರಿಗೆ ಅದು ನೆನೆಸಿದ್ದಕ್ಕಿಂತ ಭಾರವಾಗಿರುವುದು ಅದಕ್ಕೇ.